ಗೊರಕೆ ಇದೆ ಅಂತ ಡಾಕ್ಟರಿಗೆ ಹೇಳಿ

(ಸತ್ತೇಗಾಲದ ಸಂಜೆ ತರಗತಿಯಲ್ಲಿ ಆಡಿದ ಮಾತು)



ಹಿಂದೆ ಕೂತವರು ಮುಂದಕ್ಕೆ ಬನ್ನಿ. ಗೋಡೆಗೆ ಒರಗಿ ಕೂತರೆ ನಿದ್ದೆ ಬರುತ್ತದೆ. ಇವತ್ತಿನ ಮಾತೂ ನಿದ್ದೆಯದೇ.

ನಾವು ಡಾಕ್ಟರಲ್ಲ. ಡಿ.ಎಡ್. ಓದಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಸಂಜೆ ನಿಮ್ಮ ಜೊತೆ ಕೂತು ಅಕ್ಷರ ಬರೆಯುವವರು. ಆದರೆ ನಮ್ಮ ಮನೆಯಲ್ಲೇ ಒಂದು ಸಂಗತಿ ನಡೆಯಿತು. ಅದಾದ ಮೇಲೆ ನಾವು ಡಾಕ್ಟರ ಹತ್ತಿರ ಕೇಳಿದೆವು, ಪುಸ್ತಕ ಓದಿದೆವು. ತಿಳಿದದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಗೊರಕೆ ಹೊಡೆಯುವವರು ಯಾರು?

ನೋಡಿ, ಎಲ್ಲರೂ ನಗುತ್ತಿದ್ದೀರಿ. ಹೆಂಗಸರೆಲ್ಲ ಗಂಡಸರ ಕಡೆ ಬೆರಳು ತೋರಿಸುತ್ತಿದ್ದೀರಿ. ನಾವೂ ಹೀಗೇ ನಗುತ್ತಿದ್ದೆವು.

ನಮ್ಮ ದೊಡ್ಡಪ್ಪ ಬೇಸಾಯಗಾರರು. ಗದ್ದೆ ಇದೆ, ಒಂದಿಷ್ಟು ಕಬ್ಬು ಇದೆ. ಒಳ್ಳೆ ಮೈಕಟ್ಟು. ಕತ್ತು ದಪ್ಪ. ಅವರ ಗೊರಕೆ ನಮ್ಮ ಬೀದಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಭರಚುಕ್ಕಿ ಸದ್ದು ಮಾಡುತ್ತದಲ್ಲ, ಹಾಗೆ. ನೆಂಟರು ಬಂದರೆ ದೊಡ್ಡಪ್ಪನ ಹಾಸಿಗೆ ಜಗಲಿಗೆ ಹೋಗುತ್ತಿತ್ತು. ಹುಡುಗರು ಕುಂಭಕರ್ಣ ಅನ್ನುತ್ತಿದ್ದರು. ದೊಡ್ಡವರು, ‘ಎಷ್ಟು ಸುಖವಾದ ನಿದ್ದೆ, ಪುಣ್ಯವಂತ’ ಅನ್ನುತ್ತಿದ್ದರು.

ಆದರೆ ಹಗಲು ನೋಡಿ. ಕೂತಲ್ಲೇ ತೂಕಡಿಕೆ. ಊಟದ ತಟ್ಟೆ ಮುಂದೆ ತೂಕಡಿಕೆ. ಒಮ್ಮೆ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯಬೇಕಿತ್ತು. ಹೊಳೆ ದಾಟಿ ಮಳವಳ್ಳಿಯಲ್ಲಿ ಕಣ್ಣು ಬಿಟ್ಟರು. ರಾತ್ರಿಯೆಲ್ಲ ಅಷ್ಟು ಸುಖವಾಗಿ ನಿದ್ದೆ ಮಾಡಿದವರಿಗೆ ಹಗಲು ಯಾಕೆ ನಿದ್ದೆ? ಈ ಪ್ರಶ್ನೆಯನ್ನು ನಾವ್ಯಾರೂ ಕೇಳಲಿಲ್ಲ.

ದೊಡ್ಡವ್ವನಿಗೆ ಮಾತ್ರ ಗೊತ್ತಿತ್ತು. ಅವರು ಹೇಳುತ್ತಿದ್ದದ್ದು ಹೀಗೆ: ‘ಗೊರ್ಕೆ ಹೊಡೀತಾ ಹೊಡೀತಾ ಇದ್ದಕ್ಕಿದ್ದಂಗೆ ನಿಂತೋಯ್ತದೆ ಕಣವ್ವ. ಹೊಟ್ಟೆ ಎದೆ ಎದ್ದೆದ್ದು ಬೀಳ್ತದೆ, ಉಸ್ರು ಮಾತ್ರ ಇಲ್ಲ. ನಾನು ಎದ್ದು ಕೂತ್ಕಂಡು ಎಣಿಸ್ತೀನಿ. ಒಂದು, ಎರಡು, ಮೂರು... ಇಪ್ಪತ್ತಾಯ್ತದೆ. ಆಮೇಲೆ ಗೊರ್ ಅಂತ ಒಂದ್ಸಲ ಜೋರಾಗಿ ಎಳ್ಕತ್ತರೆ. ಆಗ ನನಗೂ ಉಸ್ರು ಬತ್ತದೆ.’

ನಾವು ಓದಿದವರು. ದೊಡ್ಡವ್ವನಿಗೆ ಆಗ ಓದು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಸಲ ದೊಡ್ಡಪ್ಪನಿಗೆ ಹೊಟ್ಟೆನೋವು ಬಂತು. ಬಿಡದೆ ಕಾಡಿತು. ದೂರದ ಊರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ‘ಎಂಡೋಸ್ಕೋಪಿ ಮಾಡಬೇಕು’ ಅಂದರು. ಅಂದರೆ ಬಾಯಿಂದ ಸಣ್ಣ ಪೈಪು ಇಳಿಸಿ, ಅದರ ತುದಿಯ ಕ್ಯಾಮೆರಾದಿಂದ ಹೊಟ್ಟೆಯ ಒಳಗೆ ನೋಡುವುದು. ಪೈಪು ಇಳಿಸುವಾಗ ವಾಕರಿಕೆ ಬರುತ್ತದೆ. ರೋಗಿ ಹೆದರುತ್ತಾರೆ, ಕೊಸರಾಡುತ್ತಾರೆ. ಅದಕ್ಕೆ ಮಂಪರು ಬರುವ ಇಂಜೆಕ್ಷನ್ ಕೊಡುತ್ತೇವೆ ಅಂದರು.

ಒಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ‘ತುಂಬಿಕೊಡಿ’ ಅಂದರು. ಹಿಂದೆ ಜನ ಸಾಲು ನಿಂತಿದ್ದರು. ನಾವು ಪೆನ್ನು ತೆಗೆದೆವು. ಸಕ್ಕರೆ ಕಾಯಿಲೆ? ಇಲ್ಲ. ಬಿ.ಪಿ.? ಇದೆ. ಉಬ್ಬಸ? ಇಲ್ಲ. ಆಮೇಲೆ ‘ಸ್ನೋರಿಂಗ್’ ಅಂತ ಒಂದು ಸಾಲು ಇತ್ತು. ಸ್ನೋರಿಂಗ್ ಅಂದರೆ ಗೊರಕೆ. ನಮಗೆ ನಗು ಬಂತು. ಗೊರಕೆಯೂ ಒಂದು ಕಾಯಿಲೆಯೇ ಅಂದುಕೊಂಡು ‘ಇಲ್ಲ’ ಅಂತ ಗೀಟು ಎಳೆದೆವು. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದರು. ದೊಡ್ಡವ್ವ ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಅವರನ್ನು ನಾವು ಕೇಳಲೂ ಇಲ್ಲ.

ಒಳಗೆ ಏನಾಯಿತು ಎಂಬುದನ್ನು ಆಮೇಲೆ ಡಾಕ್ಟರೇ ನಮಗೆ ಹೇಳಿದರು. ಇಂಜೆಕ್ಷನ್ ಕೊಟ್ಟರು. ದೊಡ್ಡಪ್ಪನಿಗೆ ಮಂಪರು ಹತ್ತಿತು. ಜೋರಾಗಿ ಗೊರಕೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ಎದೆ ಎದ್ದು ಬೀಳುತ್ತಿತ್ತು. ಆದರೆ ಮೂಗಿನಲ್ಲಿ ಗಾಳಿ ಇಲ್ಲ. ದೊಡ್ಡವ್ವ ರಾತ್ರಿ ಎಣಿಸುತ್ತಿದ್ದದ್ದು ಇದನ್ನೇ. ಇಲ್ಲಿ ಎಣಿಸಲು ದೊಡ್ಡವ್ವ ಇರಲಿಲ್ಲ. ಇಪ್ಪತ್ತು ಆಯಿತು, ಮೂವತ್ತು ಆಯಿತು. ಗೊರ್ ಅಂತ ಎಳೆದುಕೊಳ್ಳಲೇ ಇಲ್ಲ. ಬೆರಳಿಗೆ ಹಾಕಿದ್ದ ಯಂತ್ರದ ಸದ್ದು ಇಳಿಯುತ್ತಾ ಬಂತು. ಡಾಕ್ಟರು ಪೈಪು ಹೊರಗೆ ಎಳೆದರು. ನರ್ಸಮ್ಮ ತಲೆಯ ಹಿಂದೆ ನಿಂತು ಎರಡು ಕೈಯಲ್ಲಿ ದವಡೆ ಎತ್ತಿ ಹಿಡಿದರು. ಮುಖವಾಡ ಇಟ್ಟು ಚೀಲ ಒತ್ತಿ ಗಾಳಿ ಕೊಟ್ಟರು. ದೊಡ್ಡಪ್ಪ ಉಳಿದರು.

ಡಾಕ್ಟರು ಹೊರಗೆ ಬಂದರು. ಬೆವರು ಒರೆಸಿಕೊಳ್ಳುತ್ತಾ, ‘ಇವರಿಗೆ ಗೊರಕೆ ಇದೆಯಾ?’ ಅಂತ ಕೇಳಿದರು. ದೊಡ್ಡವ್ವ, ‘ಅದೆ ಸಾಮಿ. ಮೂವತ್ತು ವರ್ಷದಿಂದ ಅದೆ’ ಅಂದರು. ಡಾಕ್ಟರು ನಾವು ತುಂಬಿದ ಹಾಳೆಯನ್ನು ನೋಡಿದರು. ಆಮೇಲೆ ನಮ್ಮನ್ನು ನೋಡಿದರು. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಯಾಕೆ ಹೀಗಾಯಿತು? ಇದನ್ನು ನಿಧಾನವಾಗಿ ತಿಳಿಯೋಣ.

ನಿಮ್ಮಲ್ಲಿ ಪಂಪ್‌ಸೆಟ್ ಇರುವವರು ಎಷ್ಟು ಜನ? ಸರಿ. ಹೊಳೆಯಿಂದ ನೀರು ಎಳೆಯುವ ಪೈಪು ಹೇಗಿರುತ್ತದೆ? ಗಟ್ಟಿ ಇರುತ್ತದೆ. ನೀರು ಗದ್ದೆಗೆ ಬಿಡುವ ಪೈಪು ಮೆತ್ತಗಿದ್ದರೂ ನಡೆಯುತ್ತದೆ. ಸುತ್ತಿ ಇಡುವ ಚಪ್ಪಟೆ ಪೈಪು ಇರುತ್ತದಲ್ಲ, ಅದು. ಈಗ ಆ ಚಪ್ಪಟೆ ಪೈಪನ್ನು ಎಳೆಯುವ ಕಡೆ ಹಾಕಿದರೆ ಏನಾಗುತ್ತದೆ?

‘ಒಳಕ್ಕೆ ಅಮುಕಿಕೊಳ್ತದೆ.’ ಸರಿಯಾಗಿ ಹೇಳಿದಿರಿ. ಪಂಪು ಜೋರಾಗಿ ಎಳೆದಷ್ಟೂ ಪೈಪು ಅಂಟಿಕೊಳ್ಳುತ್ತದೆ. ಮೋಟಾರು ಓಡುತ್ತಿರುತ್ತದೆ, ನೀರು ಬರುವುದಿಲ್ಲ.

ನಮ್ಮ ಗಂಟಲು ಆ ಮೆತ್ತನೆ ಪೈಪಿನ ಹಾಗೆ. ಕೆಳಗೆ ಶ್ವಾಸನಾಳ ಇದೆ. ಅದಕ್ಕೆ ಗಟ್ಟಿ ಉಂಗುರಗಳಿವೆ. ಮೇಲೆ ಮೂಗಿಗೆ ಮೂಳೆ ಇದೆ. ನಡುವೆ ನಾಲಿಗೆಯ ಹಿಂದಿನ ಜಾಗ ಇದೆ ನೋಡಿ, ಅಲ್ಲಿ ಸುತ್ತ ಬರೀ ಮಾಂಸ. ಆ ಮಾಂಸಖಂಡಗಳು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ದಾರಿ ತೆರೆದಿರುತ್ತದೆ. ಎಚ್ಚರ ಇರುವಾಗ ಬಿಗಿ ಇರುತ್ತದೆ. ನಿದ್ದೆ ಬಂದಾಗ ಸಡಿಲ ಆಗುತ್ತದೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮಾಂಸ ಅದುರುತ್ತದೆ. ಆ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಗೊರಕೆಯೂ ಇಲ್ಲ, ಉಸಿರೂ ಇಲ್ಲ.

ಹೀಗೆ ೧೦ ಸೆಕೆಂಡು, ಅದಕ್ಕಿಂತ ಹೆಚ್ಚು ಉಸಿರು ನಿಂತರೆ ಡಾಕ್ಟರು ಅದನ್ನು ಲೆಕ್ಕ ಹಿಡಿಯುತ್ತಾರೆ. ಉಸಿರು ತೀರಾ ಕಡಿಮೆಯಾದರೂ ಲೆಕ್ಕಕ್ಕೆ ಸೇರಿಸುತ್ತಾರೆ. ಗಂಟೆಗೆ ೫ ಸಲಕ್ಕಿಂತ ಹೆಚ್ಚಾದರೆ ಕಾಯಿಲೆಯ ಗುರುತು. ೩೦ ಸಲ ದಾಟಿದರೆ ಜೋರಾದ ಕಾಯಿಲೆ. ಇದರ ಹೆಸರು ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಅಂತ ನಾವು ಅನ್ನೋಣ.

ಹಾಗಾದರೆ ದಿನಾ ರಾತ್ರಿ ಉಸಿರು ಕಟ್ಟಿದರೂ ದೊಡ್ಡಪ್ಪ ಮೂವತ್ತು ವರ್ಷ ಹೇಗೆ ಬದುಕಿದ್ದರು? ಇಲ್ಲೇ ಇದೆ ಮುಖ್ಯವಾದ ಮಾತು.

ನಮ್ಮ ಮಿದುಳಿನಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಅಂತ ಇಟ್ಟುಕೊಳ್ಳಿ. ಉಸಿರು ನಿಂತರೆ ಅವನು ಅಲ್ಲಾಡಿಸಿ ಎಬ್ಬಿಸುತ್ತಾನೆ. ಮನುಷ್ಯ ಅರೆ ಎಚ್ಚರ ಆಗುತ್ತಾನೆ. ಗಂಟಲು ಬಿಗಿಯಾಗುತ್ತದೆ. ಗೊರ್ ಅಂತ ಗಾಳಿ ಎಳೆದುಕೊಳ್ಳುತ್ತಾನೆ. ಮತ್ತೆ ನಿದ್ದೆ. ಬೆಳಿಗ್ಗೆ ಇದ್ಯಾವುದೂ ಅವನಿಗೆ ನೆನಪಿರುವುದಿಲ್ಲ. ರಾತ್ರಿ ನೂರಾರು ಸಲ ಎಬ್ಬಿಸಿಕೊಂಡವನಿಗೆ ಹಗಲು ನಿದ್ದೆ ಬರದೆ ಇರುತ್ತದೆಯೇ? ಮಳವಳ್ಳಿ ಬಸ್ಸಿನ ಕಥೆ ಈಗ ಅರ್ಥ ಆಯಿತಲ್ಲ.

ಮಂಪರು ಬರುವ ಔಷಧಿ ಎರಡು ಕೆಲಸ ಮಾಡುತ್ತದೆ. ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ಕಾವಲುಗಾರನನ್ನೂ ಮಲಗಿಸಿಬಿಡುತ್ತದೆ. ದಾರಿ ಮುಚ್ಚಿದರೆ ಎಬ್ಬಿಸುವವರು ಒಳಗೆ ಯಾರೂ ಇಲ್ಲ. ಆಗ ಹೊರಗಿನವರೇ ಕಾವಲು ಕಾಯಬೇಕು.

‘ಸಣ್ಣ ಮತ್ತು ತಾನೇ, ಏನಾಗ್ತದೆ’ ಅಂತ ಜನ ಅನ್ನುತ್ತಾರೆ. ನಾವೂ ಅಂದಿದ್ದೆವು. ದೊಡ್ಡ ಆಪರೇಷನ್ನಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವಾಗ ಸಾಮಾನ್ಯವಾಗಿ ಗಂಟಲಿಗೆ ನಳಿಗೆ ಇಳಿಸಿರುತ್ತಾರೆ. ಯಂತ್ರ ಉಸಿರಾಡಿಸುತ್ತದೆ. ದಾರಿ ಮುಚ್ಚಿಕೊಳ್ಳುವ ಭಯ ಆಗ ಕಡಿಮೆ. ಮಂಪರಿನಲ್ಲಿ ಆ ನಳಿಗೆ ಇರುವುದಿಲ್ಲ. ರೋಗಿ ತಾನೇ ಉಸಿರಾಡಬೇಕು. ಅದಕ್ಕೇ ಗೊರಕೆಯವರಿಗೆ ಸಣ್ಣ ಮತ್ತು ಸಣ್ಣದಲ್ಲ. ಎಂಡೋಸ್ಕೋಪಿ ಒಂದೇ ಅಲ್ಲ. ಮುರಿದ ಮೂಳೆ ಕೂರಿಸುವಾಗ, ಸುಟ್ಟ ಗಾಯ ತೊಳೆಯುವಾಗ, ಗರ್ಭಚೀಲ ಶುಚಿ ಮಾಡುವಾಗ ಕೂಡ ಇಂಥ ಔಷಧಿ ಕೊಡುವುದುಂಟು.

ಇದು ಬಡವರಿಗೆ ಬರುವ ಕಾಯಿಲೆಯಲ್ಲ, ದಪ್ಪಗಿರುವ ಸಾಹುಕಾರರಿಗೆ ಬರುವುದು ಅಂತ ಒಬ್ಬರು ಹಿಂದೆ ಪಿಸುಗುಟ್ಟಿದರು. ದಪ್ಪ ಇರುವವರಿಗೆ ಹೆಚ್ಚು, ನಿಜ. ಆದರೆ ತೆಳ್ಳಗಿರುವವರಿಗೂ ಬರುತ್ತದೆ. ಗದ್ದ ಸಣ್ಣದಾಗಿ ಹಿಂದಕ್ಕೆ ಇದ್ದರೆ ಬರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಹೆಚ್ಚುತ್ತದೆ. ಟಾನ್ಸಿಲ್ ಊದಿದ ಮಕ್ಕಳಿಗೂ ಬರುತ್ತದೆ. ಬಪ್ಪಿ ಲಾಹಿರಿ ಹೆಸರು ಕೇಳಿದ್ದೀರಾ? ಕತ್ತಿನ ತುಂಬ ಚಿನ್ನ ಹಾಕಿಕೊಳ್ಳುತ್ತಿದ್ದ ಸಂಗೀತಗಾರ. ಕನ್ನಡದಲ್ಲಿ ‘ಆಫ್ರಿಕಾದಲ್ಲಿ ಶೀಲಾ’ ಸಿನಿಮಾಕ್ಕೆ ಸಂಗೀತ ಕೊಟ್ಟವರು. ಅವರು ೨೦೨೨ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಅವರಿಗೆ ಈ ಕಾಯಿಲೆ ಇತ್ತು ಅಂತ ಡಾಕ್ಟರು ಹೇಳಿದರು. ಆಗ ಈ ಹೆಸರು ಪೇಪರಿನಲ್ಲೆಲ್ಲ ಬಂತು.

ಇನ್ನು, ಉಸಿರಿನ ದಾರಿ ತೆರೆದಿಡಲು ಡಾಕ್ಟರು ಏನು ಮಾಡುತ್ತಾರೆ?

ನಿಮ್ಮ ಕೈ ಎತ್ತಿ. ಕಿವಿಯ ಕೆಳಗೆ ದವಡೆಯ ಮೂಲೆ ಸಿಗುತ್ತದೆ. ಅಲ್ಲಿ ಬೆರಳಿಟ್ಟು ಕೆಳದವಡೆಯನ್ನು ಮುಂದಕ್ಕೆ ತಳ್ಳಿ. ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬಂತಲ್ಲವೇ? ನಾಲಿಗೆ ಕೆಳದವಡೆಗೆ ಅಂಟಿಕೊಂಡಿದೆ. ದವಡೆ ಮುಂದೆ ಬಂದರೆ ನಾಲಿಗೆಯೂ ಮುಂದೆ ಬರುತ್ತದೆ. ಹಿಂದಿನ ದಾರಿ ತೆರೆಯುತ್ತದೆ. ಆ ನರ್ಸಮ್ಮ ಮಾಡಿದ್ದು ಇಷ್ಟೇ. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಕೈ ಬೇಕು, ಕಲಿತಿರಬೇಕು. ಮೊದಲು ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಗದ್ದ ಎತ್ತುತ್ತಾರೆ. ಸಾಲದಿದ್ದರೆ ಹೀಗೆ ದವಡೆ ತಳ್ಳುತ್ತಾರೆ. ಅದೂ ಸಾಲದಿದ್ದರೆ ಬಾಯಿಂದಲೋ ಮೂಗಿನಿಂದಲೋ ಒಂದು ಬಾಗಿದ ಕೊಳವೆ ಇಟ್ಟು ನಾಲಿಗೆಯನ್ನು ತಡೆಯುತ್ತಾರೆ.

ಆಮ್ಲಜನಕ ಕೊಡುತ್ತಾರೆ. ಆಮ್ಲಜನಕ ಅಂದರೆ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೨೦೨೧ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಅದು ಸಾಲದೆ ಆದ ಸಾವುಗಳನ್ನು ಯಾರೂ ಮರೆತಿಲ್ಲ. ಆದರೆ ಒಂದು ಮಾತು. ಸಿಲಿಂಡರ್ ತುಂಬ ಆಮ್ಲಜನಕ ಇದ್ದರೂ ಗಂಟಲಿನ ದಾರಿ ಮುಚ್ಚಿದ್ದರೆ ಅದು ಒಳಗೆ ಹೋಗುವುದಿಲ್ಲ. ತೊಟ್ಟಿ ತುಂಬ ನೀರಿದ್ದು ಪೈಪು ಅಮುಕಿಕೊಂಡಂತೆ.

ಬೆರಳಿಗೆ ಹಾಕುವ ಯಂತ್ರ ನಿಮಗೆ ಗೊತ್ತು. ಕೊರೊನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ಹಾಕುತ್ತಿದ್ದರು. ಅದರ ಹೆಸರು ಪಲ್ಸ್ ಆಕ್ಸಿಮೀಟರ್. ಅದರ ಮೂಲ ಉಪಾಯ ಜಪಾನಿನ ತಕುವೊ ಅವೊಯಾಗಿ ಎಂಬುವರದು. ೧೯೭೪ರಲ್ಲಿ ಅವರು ಅದನ್ನು ಪ್ರಕಟಿಸಿದರು. ಈ ಯಂತ್ರ ಬಹಳ ಒಳ್ಳೆಯದು. ಆದರೆ ಅದು ತಡವಾಗಿ ಕೂಗುತ್ತದೆ. ರೋಗಿಗೆ ಮೊದಲೇ ಆಮ್ಲಜನಕ ಕೊಡುತ್ತಿದ್ದರೆ ಇನ್ನೂ ತಡ. ಉಸಿರು ನಿಂತು ಒಂದು ನಿಮಿಷ, ಕೆಲವು ಸಲ ಅದಕ್ಕಿಂತ ಹೆಚ್ಚು ಹೊತ್ತಾದ ಮೇಲೆ ಅಂಕಿ ಇಳಿಯಬಹುದು. ಅದಕ್ಕೇ ಒಬ್ಬರು ರೋಗಿಯ ಉಸಿರನ್ನೇ ನೋಡುತ್ತಾ ಇರಬೇಕು. ಪೈಪು ಹಿಡಿದ ಡಾಕ್ಟರ ಕಣ್ಣು ಪರದೆಯ ಮೇಲೆ ಇರುತ್ತದೆ. ಅವರಿಂದ ಎರಡೂ ಆಗುವುದಿಲ್ಲ. ಹೊರಗೆ ಬಿಡುವ ಉಸಿರನ್ನು ಅಳೆಯುವ ಯಂತ್ರವೂ ಇದೆ. ಅದು ಉಸಿರು ನಿಂತ ಕೂಡಲೇ ತಿಳಿಸುತ್ತದೆ. ಎಲ್ಲ ಕಡೆ ಇರುವುದಿಲ್ಲ.

ಉಸಿರನ್ನು ನೋಡಿ ಎಂಬ ಮಾತು ಹಳೆಯದು. ನಮ್ಮ ದೇಶದಲ್ಲೇ ಅದಕ್ಕಾಗಿ ದೊಡ್ಡ ಪರೀಕ್ಷೆ ನಡೆಯಿತು. ಆಗ ಮತ್ತು ಬರಿಸಲು ಕ್ಲೋರೋಫಾರಂ ಮೂಸಿಸುತ್ತಿದ್ದರು. ಕೆಲವರು ಮೇಜಿನ ಮೇಲೇ ಸಾಯುತ್ತಿದ್ದರು. ಉಸಿರು ನಿಂತು ಸಾಯುತ್ತಾರೋ, ಹೃದಯ ನಿಂತು ಸಾಯುತ್ತಾರೋ ಅಂತ ಡಾಕ್ಟರುಗಳಲ್ಲಿ ಜಗಳ. ಹೈದರಾಬಾದಿನಲ್ಲಿ ೧೮೮೮ರಲ್ಲಿ ಒಮ್ಮೆ, ೧೮೮೯ರಲ್ಲಿ ಇನ್ನೊಮ್ಮೆ ಇದರ ಪರೀಕ್ಷೆ ಮಾಡಿದರು. ನಿಜಾಮರು ಹಣ ಕೊಟ್ಟರು. ನಮ್ಮ ಕಲಬುರಗಿ, ಬೀದರ, ರಾಯಚೂರು ಆಗ ನಿಜಾಮರ ರಾಜ್ಯದಲ್ಲೇ ಇದ್ದವು. ಮುಂದೆ ನಿಂತವರು ಎಡ್ವರ್ಡ್ ಲಾರಿ ಎಂಬ ಡಾಕ್ಟರು. ನಾಡಿ ಹಿಡಿದು ಕೂರಬೇಡಿ, ಉಸಿರಿನ ಮೇಲೆ ಕಣ್ಣಿಡಿ ಎಂಬುದು ಅವರ ಪಾಠ. ಕ್ಲೋರೋಫಾರಂ ಹೃದಯವನ್ನೂ ನಿಲ್ಲಿಸಬಲ್ಲದು ಅಂತ ಆಮೇಲೆ ಗೊತ್ತಾಯಿತು. ಅಷ್ಟರಮಟ್ಟಿಗೆ ಲಾರಿ ತಪ್ಪಿದರು. ಈಗ ನಾಡಿಯನ್ನೂ ನೋಡುತ್ತಾರೆ, ಉಸಿರನ್ನೂ ನೋಡುತ್ತಾರೆ. ಅಕ್ಕಂದಿರೇ, ಆ ಕಾಲದಲ್ಲೇ ಹೈದರಾಬಾದಿನಲ್ಲಿ ಕ್ಲೋರೋಫಾರಂ ಕೊಡುವ ಕೆಲಸದಲ್ಲಿ ಒಬ್ಬ ಹೆಣ್ಣುಮಗಳಿದ್ದರು. ಹೆಸರು ರೂಪಾಬಾಯಿ ಫರ್ದೂಂಜಿ.

ಇನ್ನೊಂದು ಯಂತ್ರದ ಮಾತು ಹೇಳಬೇಕು. ಮತ್ತೆ ಪಂಪಿಗೆ ಬನ್ನಿ. ಚಪ್ಪಟೆ ಪೈಪಿನ ಒಳಗೆ ನೀರು ಒತ್ತಿ ಬಂದರೆ ಅದು ಉಬ್ಬಿ ದುಂಡಗೆ ನಿಲ್ಲುತ್ತದಲ್ಲವೇ? ಹಾಗೆಯೇ ಮೂಗಿನಿಂದ ಗಾಳಿಯನ್ನು ಒತ್ತಿ ಬಿಟ್ಟರೆ ಗಂಟಲು ಉಬ್ಬಿ ತೆರೆದು ನಿಲ್ಲುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ಡಾಕ್ಟರು ಇದನ್ನು ಐದು ಜನ ರೋಗಿಗಳ ಮೇಲೆ ಮಾಡಿ ನೋಡಿ ೧೯೮೧ರಲ್ಲಿ ಪ್ರಕಟಿಸಿದರು. ಆ ಯಂತ್ರಕ್ಕೆ ಸಿಪ್ಯಾಪ್ ಅನ್ನುತ್ತಾರೆ. ಮೂಗಿಗೆ ಮುಖವಾಡ, ಅದಕ್ಕೊಂದು ಪೈಪು. ರಾತ್ರಿ ಹಾಕಿಕೊಂಡು ಮಲಗುವುದು. ಮಂಪರು ಕೊಡುವಾಗ, ಕೊಟ್ಟು ಎಚ್ಚರ ಆಗುವಾಗ ಕೂಡ ಇದು ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಇದನ್ನು ಬಳಸುವವರು ಆಸ್ಪತ್ರೆಗೆ ಹೋಗುವಾಗ ಜೊತೆಯಲ್ಲೇ ತೆಗೆದುಕೊಂಡು ಹೋಗಬೇಕು.

ಸರಿ. ದೊಡ್ಡಪ್ಪನ ಕಥೆ ಮುಗಿದಿಲ್ಲ. ಹೊಟ್ಟೆಯ ಹುಣ್ಣು ಮಾಗಿದೆಯೋ ಇಲ್ಲವೋ ಅಂತ ನೋಡಲು ಇನ್ನೊಮ್ಮೆ ಎಂಡೋಸ್ಕೋಪಿ ಮಾಡಬೇಕಿತ್ತು. ದೊಡ್ಡಪ್ಪ, ‘ನಾನು ಸತ್ತರೂ ಬರಲ್ಲ’ ಅಂದರು. ದೊಡ್ಡವ್ವ ಬಿಡಲಿಲ್ಲ.

ಅಷ್ಟರಲ್ಲಿ ದೊಡ್ಡವ್ವ ನಮ್ಮ ಸಂಜೆ ತರಗತಿಗೆ ಸೇರಿದ್ದರು. ಈಗಲೂ ಒತ್ತಕ್ಷರ ತಪ್ಪುತ್ತಾರೆ. ಅವತ್ತು ಆಸ್ಪತ್ರೆಯಲ್ಲಿ ಒಂದು ಚೀಟಿಯನ್ನು ಸೆರಗಿನ ಗಂಟಿನಿಂದ ತೆಗೆದರು. ಅದರಲ್ಲಿ ತಮ್ಮ ಕೈಯಲ್ಲೇ ಬರೆದಿದ್ದರು. ‘ಗೊರಕೆ ಇದೆ. ನಿದೆಯಲಿ ಉಸಿರು ನಿಲುತದೆ. ಇಪತು ಎಣಿಸುವ ತನಕ. ಹೋದ ಸಲ ಸೂಜಿ ಕೊಟಾಗ ಉಸಿರು ಕಟಿತು.’ ಒತ್ತು ಒಂದೂ ಇರಲಿಲ್ಲ. ಡಾಕ್ಟರು ಅದನ್ನು ಎರಡು ಸಲ ಓದಿದರು. ಆ ಚೀಟಿಯನ್ನು ಕೇಸ್ ಶೀಟಿಗೆ ಪಿನ್ನು ಹಾಕಿ ಸೇರಿಸಿದರು.

ಆಮೇಲೆ ಕೂತು ವಿಚಾರಿಸಿದರು. ಕೆನಡಾದ ಟೊರಾಂಟೊದಲ್ಲಿ ಫ್ರಾನ್ಸಿಸ್ ಚಂಗ್ ಎಂಬ ಡಾಕ್ಟರಮ್ಮ ೨೦೦೮ರಲ್ಲಿ ಇಂಥ ರೋಗಿಗಳನ್ನು ಗುರುತಿಸಲು ಸುಲಭವಾದ ಪ್ರಶ್ನೆಗಳನ್ನು ಪ್ರಕಟಿಸಿದರು. ಈಗ ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಗೊರಕೆ ಮುಚ್ಚಿದ ಬಾಗಿಲ ಆಚೆಗೂ ಕೇಳುತ್ತದೆಯೇ? ಹಗಲು ಸುಸ್ತು, ನಿದ್ದೆ ಇದೆಯೇ? ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರೆಯೇ? ಬಿ.ಪಿ. ಇದೆಯೇ? ತೂಕ ಬಹಳ ಹೆಚ್ಚೇ? ವಯಸ್ಸು ೫೦ ದಾಟಿದೆಯೇ? ಕತ್ತಿನ ಸುತ್ತಳತೆ ೪೦ ಸೆಂಟಿಮೀಟರಿಗಿಂತ, ಅಂದರೆ ಟೈಲರ್ ಟೇಪಿನಲ್ಲಿ ಸುಮಾರು ೧೬ ಇಂಚಿಗಿಂತ ಹೆಚ್ಚೇ? ಗಂಡಸೇ? ಎಂಟು ಪ್ರಶ್ನೆ. ಮೂರಕ್ಕೆ ಹೌದು ಅಂದರೆ ಎಚ್ಚರ. ದೊಡ್ಡಪ್ಪನಿಗೆ ಏಳಕ್ಕೆ ಹೌದು ಬಂತು. ಇದರಲ್ಲಿ ಎರಡು ಪ್ರಶ್ನೆಗೆ ರೋಗಿ ತಾನೇ ಉತ್ತರ ಕೊಡಲಾರ. ಪಕ್ಕದಲ್ಲಿ ಮಲಗಿದವರಿಗೇ ಅದು ಗೊತ್ತು.

ಆ ದಿನ ಏನೇನು ಬೇರೆ ಮಾಡಿದರು ಅಂತ ನಾವು ಕೇಳಿ ತಿಳಿದೆವು. ಅರಿವಳಿಕೆ ಡಾಕ್ಟರೊಬ್ಬರು ಬಂದು ತಲೆಯ ಬಳಿ ನಿಂತರು. ಬಾಯಿ ತೆರೆಸಿ, ಕತ್ತು ಬಾಗಿಸಿ ನೋಡಿದರು. ಗಂಟಲಿಗೆ ಮರಗಟ್ಟುವ ಔಷಧಿ ಚಿಮುಕಿಸಿದರು. ಎಷ್ಟೋ ಜನಕ್ಕೆ ಇಷ್ಟರಲ್ಲೇ ಎಂಡೋಸ್ಕೋಪಿ ಆಗುತ್ತದಂತೆ, ಮಂಪರು ಬೇಕಾಗುವುದಿಲ್ಲ. ದೊಡ್ಡಪ್ಪ ಬಹಳ ಹೆದರಿದ್ದರು. ಅದಕ್ಕೆ ತುಸುವೇ ತುಸು ಕೊಟ್ಟರು. ಕೊಟ್ಟು ಕಾದರು. ಕೂಗಿದರೆ ‘ಆ’ ಅನ್ನುವಷ್ಟು ಎಚ್ಚರ ಇತ್ತು. ಎಡಮಗ್ಗುಲಿಗೆ ಮಲಗಿಸಿದರು. ತಲೆ ಕಡೆ ಸ್ವಲ್ಪ ಎತ್ತರ ಮಾಡಿದರು. ಮಗ್ಗುಲಾಗಿ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುವುದು ಕಡಿಮೆ. ಮೂಗಿಗೆ ಆಮ್ಲಜನಕದ ಸಣ್ಣ ನಳಿಗೆ. ಗದ್ದದ ಕೆಳಗೆ ಅರಿವಳಿಕೆ ಡಾಕ್ಟರ ಬೆರಳು. ಮುಖವಾಡ, ಚೀಲ, ಕೊಳವೆ, ಔಷಧಿಯ ಮತ್ತು ಇಳಿಸುವ ಇಂಜೆಕ್ಷನ್, ಎಲ್ಲ ಕೈಗೆ ಸಿಗುವಂತೆ ಟ್ರೇಯಲ್ಲಿ. ಹತ್ತು ನಿಮಿಷದೊಳಗೆ ಮುಗಿಯಿತು. ಹುಣ್ಣು ಮಾಗಿತ್ತು.

ಮುಗಿದ ಮೇಲೆ ಕೂಡಲೇ ಕಳಿಸಲಿಲ್ಲ. ಇಳಿಸುವ ಔಷಧಿ ಕೊಟ್ಟಿದ್ದರೂ ಅದರ ಬಲ ಬೇಗ ಮುಗಿದು ಮತ್ತೆ ಮಂಪರು ಏರಬಹುದು. ಯಾರೂ ಮಾತಾಡಿಸದೆ ಸುಮ್ಮನೆ ಬಿಟ್ಟಾಗ, ಆಮ್ಲಜನಕದ ನಳಿಗೆ ತೆಗೆದಾಗಲೂ ಬೆರಳಿನ ಅಂಕಿ ಇಳಿಯುವುದಿಲ್ಲ ಅಂತ ನೋಡಿಕೊಂಡು ಸಂಜೆ ಬಿಟ್ಟರು. ದೊಡ್ಡಪ್ಪನಿಗೆ ಬೇಜಾರು. ‘ಎದ್ದು ಕೂತಿದ್ದೀನಿ, ಬಸ್ಸು ಹೋಯ್ತದೆ’ ಅಂತ ಒಂದೇ ಸಮನೆ ಗೊಣಗುತ್ತಿದ್ದರು.

ಈಗ ನಮ್ಮ ಕಡೆಯ ಕೆಲಸ. ಡಾಕ್ಟರು ಖಾಲಿ ಹೊಟ್ಟೆ ಅಂದರೆ ಖಾಲಿ ಹೊಟ್ಟೆಯೇ. ಸಾಮಾನ್ಯವಾಗಿ ಊಟ, ತಿಂಡಿ, ಹಾಲು, ಕಾಫಿ ಆರು ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಬರೀ ನೀರಾದರೆ ಎರಡು ಗಂಟೆ ಮುಂಚೆ. ‘ಪಾಪ, ಬೆಳಿಗ್ಗೆಯಿಂದ ಏನೂ ಇಲ್ಲ’ ಅಂತ ಕದ್ದು ಒಂದು ಲೋಟ ಕಾಫಿ ಕುಡಿಸುವ ನೆಂಟರು ಇರುತ್ತಾರೆ. ಮಂಪರಿನಲ್ಲಿ ಅದು ವಾಂತಿಯಾಗಿ ಶ್ವಾಸಕ್ಕೆ ಹೋದರೆ ಜೀವಕ್ಕೇ ಅಪಾಯ. ಕುಡಿಸಿ ಆಗಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ನಿದ್ದೆ ಮಾತ್ರೆ ನುಂಗಿದ್ದರೆ ಹೇಳಿ. ಹಿಂದಿನ ರಾತ್ರಿ ಕುಡಿದಿದ್ದರೆ ಅದನ್ನೂ ಹೇಳಿ. ನಾಚಿಕೆ ಬೇಡ.

ಮನೆಗೆ ಬಂದ ಮೇಲೆ ಆ ರಾತ್ರಿ ಒಬ್ಬರು ಜೊತೆಗೆ ಮಲಗಬೇಕು. ಮಗ್ಗುಲಾಗಿ ಮಲಗಿಸಿ. ಎದೆಗೆ ಗದ್ದ ತಾಗುವಂತೆ ದೊಡ್ಡ ದಿಂಬು ಇಡಬೇಡಿ. ಅದು ಗಂಟಲನ್ನು ಮಡಿಸುತ್ತದೆ. ಸಾರಾಯಿ ಬೇಡ. ಡಾಕ್ಟರು ಬರೆಯದ ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ, ಮತ್ತು ಬರುವ ಕೆಮ್ಮಿನ ಔಷಧಿ ಬೇಡ. ಮಾರನೆಯ ದಿನದವರೆಗೆ ಗಾಡಿ ಓಡಿಸುವುದೂ ಬೇಡ. ಕರೆದರೆ ಏಳದಿದ್ದರೆ, ತುಟಿ ನೀಲಿಯಾದರೆ, ಉಸಿರು ಬಿಟ್ಟು ಬಿಟ್ಟು ಬಂದರೆ ೧೦೮ಕ್ಕೆ ಫೋನು ಮಾಡಿ. ಗಾಡಿ ಬರುವ ತನಕ ಅಲ್ಲಾಡಿಸಿ ಕೂಗಿ. ತಲೆ ತುಸು ಹಿಂದಕ್ಕೆ ಮಾಡಿ ಗದ್ದ ಎತ್ತಿ ಹಿಡಿಯಿರಿ. ಮಿದುಳಿಗೆ ಆಮ್ಲಜನಕ ನಾಲ್ಕೈದು ನಿಮಿಷ ಹೋಗದಿದ್ದರೆ ಕೆಡುತ್ತದೆ.

ದೊಡ್ಡಪ್ಪನಿಗೆ ಆಮೇಲೆ ನಿದ್ದೆಯ ಪರೀಕ್ಷೆ ಮಾಡಿಸಿದೆವು. ರಾತ್ರಿ ಮೈಗೆಲ್ಲ ವೈರು ಹಚ್ಚಿ ಮಲಗಿಸುತ್ತಾರೆ. ಜೋರಾದ ಕಾಯಿಲೆಯೇ ಇತ್ತು. ಸಿಪ್ಯಾಪ್ ಯಂತ್ರ ಅಗ್ಗದ್ದಲ್ಲ. ಹತ್ತಾರು ಸಾವಿರ ರೂಪಾಯಿ. ಕಬ್ಬಿನ ದುಡ್ಡು ಬಂದಾಗ ತಂದೆವು. ಮೊದಲ ದಿನ ಹಾಕಿಕೊಂಡಾಗ ಮೊಮ್ಮಕ್ಕಳು ‘ತಾತನಿಗೆ ಆನೆ ಸೊಂಡಿಲು’ ಅಂತ ಕುಣಿದರು. ದೊಡ್ಡಪ್ಪ ಕಿತ್ತು ಬಿಸಾಕಿದರು. ಒಂದು ವಾರ ಜಗಳ. ಈಗ ವಾರದಲ್ಲಿ ಐದು ದಿನ ಹಾಕಿಕೊಳ್ಳುತ್ತಾರೆ. ಉಳಿದ ಎರಡು ದಿನ ದೊಡ್ಡವ್ವ ಎಣಿಸುತ್ತಾರೆ.

ಆಯಿತು. ಈಗ ಎಲ್ಲರೂ ಪುಸ್ತಕ ತೆಗೆಯಿರಿ. ಪೆನ್ಸಿಲ್ ಇಲ್ಲದವರು ಕೇಳಿ, ಕೊಡುತ್ತೇವೆ. ನಾವು ಹೇಳುತ್ತೇವೆ, ನೀವು ಬರೆಯಿರಿ. ಒತ್ತಕ್ಷರ ತಪ್ಪಿದರೂ ಚಿಂತೆ ಇಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಇದೆಯೋ ಅವರ ಹೆಸರು ಮೊದಲು ಹಾಕಿ. ಆಮೇಲೆ ಹೀಗೆ ಬರೆಯಿರಿ:

ಇವರಿಗೆ ಗೊರಕೆ ಇದೆ.

ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ.

ಹಗಲು ತೂಕಡಿಸುತ್ತಾರೆ.

ಮತ್ತಿನ ಸೂಜಿ ಕೊಡುವ ಮುಂಚೆ ನಮ್ಮನ್ನು ಕೇಳಿ.

ಬರೆದವರು ಎತ್ತಿ ಹಿಡಿಯಿರಿ, ನೋಡೋಣ.